ಬಿಳಿ ಬಿಟ್ಟ ಕೆರೆ

ಹೋದ ಆಷಾಢದಲ್ಲಿ ನಮ್ಮ ಮನೆಯ ತಾರಸಿ ಸೋರಿತು. ಅಟ್ಟದ ಮೇಲಿನ ಸಾಮಾನನ್ನೆಲ್ಲ ಇಳಿಸುತ್ತಿದ್ದ ನಮ್ಮ ಯಜಮಾನರು ಉದ್ದನೆಯ ಒಂದು ಸುರುಳಿಯನ್ನು ಮೂಗಿನಿಂದ ದೂರ ಹಿಡಿದು, "ಏನೇ ಇದು, ಕೆರೆ ವಾಸನೆ ಹೊಡೀತಿದೆ? ಎಸೆದುಬಿಡ್ಲಾ?" ಅಂದರು. ಅಡುಗೆಮನೆಯಲ್ಲಿದ್ದ ನನಗೆ ನೋಡುವ ಮೊದಲೇ ಅದೇನೆಂದು ಗೊತ್ತಾಯಿತು. ಜೊಂಡಿನ ಚಾಪೆಗೆ ತೇವ ತಾಗಿದರೆ, ಅದು ಎಷ್ಟು ವರ್ಷ ಒಣಗಿ ಬಿದ್ದಿದ್ದರೂ, ಹಸಿ ಕೆಸರಿನ ವಾಸನೆ ಮತ್ತೆ ಏಳುತ್ತದೆ. "ಎಸೆದ್ರೆ ನೋಡಿ ಮತ್ತೆ!" ಎಂದು ನಾನು ಕೂಗಿದ ರಭಸಕ್ಕೆ ಪಾಪ, ಅವರು ಸ್ಟೂಲಿನ ಮೇಲೆಯೇ ನಿಂತುಬಿಟ್ಟರು. ಮೂವತ್ತು ಮಕ್ಕಳಿಗೆ ಭೂಗೋಳ ಕಲಿಸಿ ಕಲಿಸಿ ನನ್ನ ಗಂಟಲು ಮೊದಲೇ ದೊಡ್ಡದು.

ಸುರುಳಿ ಬಿಚ್ಚಿದೆ. ಹೊರಗಡೆ ಮೂರಡಿಯ ಚಾಪೆ. ಒಳಗಡೆ ಒಂದು ನಕಾಶೆ, ಅಂಚನ್ನೆಲ್ಲ ಬೆಳ್ಳಿಹುಳು ತಿಂದಿದೆ. ನಕಾಶೆಯಲ್ಲಿ ಅಲ್ಲಲ್ಲಿ ನಾನೇ ತುಂಬಿದ ಹಸಿರು ಬಣ್ಣ. ಭದ್ರಾವತಿಯ ರಸ್ತೆಯ ಪಕ್ಕ, ನನ್ನ ಹೆಬ್ಬೆರಳಿನಷ್ಟು ಜಾಗ ಮಾತ್ರ ಬಿಳಿ. ಚಾಪೆ ಆ ಬಿಳಿಯ ಜಾಗದಿಂದಲೇ ಬಂದದ್ದು.

ಅದು ತೊಂಬತ್ತೊಂಬತ್ತರ ಮಳೆಗಾಲ. ಶಂಕರಘಟ್ಟದ ಬಸ್ಸಿನಲ್ಲಿ ಎರಡು ವರ್ಷ ನಿಂತು ಓಡಾಡಿ ಎಂ.ಎಸ್ಸಿ. ಮುಗಿಸಿದ್ದೆ. ಕಾಲುನೋವು ಹೋಗುವುದರೊಳಗೇ ಕೆಲಸ ಸಿಕ್ಕಿತು. ಶಿವಮೊಗ್ಗದ ವಿನೋಬನಗರದಲ್ಲಿ, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಎರಡು ಕೋಣೆಗಳೇ ಆಫೀಸು. ಕೆಳಗಡೆ ಹಲ್ಲು ಕೊರೆಯುವ ಸದ್ದು, ಮೇಲುಗಡೆ ನಾವು. ನಾವೆಂದರೆ ವಿಶ್ವನಾಥ ಸರ್, ನಾನು, ಮತ್ತು ವಾರಕ್ಕೊಮ್ಮೆ ಮಾತ್ರ ಪ್ಲಾಸ್ಟಿಕ್ ಹೊದಿಕೆ ತೆಗೆಸಿಕೊಳ್ಳುತ್ತಿದ್ದ ಒಂದು ಕಂಪ್ಯೂಟರು. ಸರ್ ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಕಿವಿಯ ಮೇಲೆ ಯಾವಾಗಲೂ ಪೆನ್ಸಿಲು ಇರುತ್ತಿತ್ತು, ಅದನ್ನೇ ಹುಡುಕುತ್ತಲೂ ಇರುತ್ತಿದ್ದರು.

ಕೆಲಸ ಏನೆಂದರೆ, ಶಿವಮೊಗ್ಗ ಆ ಕಡೆಗೂ ಭದ್ರಾವತಿ ಈ ಕಡೆಗೂ ಬೆಳೆದು ಎರಡೂ ಊರು ಒಂದಾಗುವ ಹಾಗಿತ್ತು. ನಡುವಿನ ಜಾಗದಲ್ಲಿ ಯಾವುದರ ಮೇಲೆ ಮನೆ ಕಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ತೀರ್ಮಾನಿಸುವ ಮೊದಲು, ಅಲ್ಲಿಯ ಕೆರೆ, ಕಟ್ಟೆ, ಹಳ್ಳ, ಗೋಮಾಳ, ಕುರುಚಲು ಕಾಡು ಇವುಗಳಿಂದ ಜನರಿಗೆ ಏನೇನು ಸಿಗುತ್ತದೆ ಎನ್ನುವುದನ್ನು ನಕಾಶೆಯ ಮೇಲೆ ತೋರಿಸಬೇಕಿತ್ತು. ನೀರು, ಮೇವು, ಮೀನು, ಸೌದೆ, ಮಣ್ಣು, ಔಷಧಿ, ಹೀಗೆ. ಬಹಳ ಸಿಗುತ್ತಿದ್ದರೆ ದಟ್ಟ ಹಸಿರು, ಸ್ವಲ್ಪವಾದರೆ ತಿಳಿ ಹಸಿರು, ಏನೂ ಇಲ್ಲದಿದ್ದರೆ ಬಿಳಿ. ನಮಗೆ ಈ ಕೆಲಸ ವಹಿಸಿದ್ದ ನಗರ ಯೋಜನೆಯವರು ಹಸಿರನ್ನು ಬಿಟ್ಟು ಬಿಳಿಯನ್ನು ಬಳಸಿಕೊಳ್ಳಬೇಕು ಎನ್ನುವುದು ಲೆಕ್ಕಾಚಾರ. ಆ ವಯಸ್ಸಿಗೆ ನನಗೆ ಇದಕ್ಕಿಂತ ದೊಡ್ಡ ಕೆಲಸ ಭೂಮಿಯ ಮೇಲೆ ಇಲ್ಲ ಅನ್ನಿಸಿತ್ತು. ನಮ್ಮಪ್ಪ ಮಾತ್ರ, "ಕೆರೆ ನೀರು ಕೊಡತ್ತೆ ಅಂತ ಬರೆಯೋಕೆ ಸಂಬಳ ಬೇರೆ ಕೊಡ್ತಾರೇನಮ್ಮ?" ಎಂದು ಪೇಪರಿನ ಮರೆಯಲ್ಲಿ ನಗುತ್ತಿದ್ದರು.

ಏಳು ಪುಟದ ಫಾರಂ ಹಿಡಿದು ಮನೆಮನೆಗೆ ಹೋಗಿ ಕೇಳುವುದು ನನ್ನ ಪಾಲಿನ ಕೆಲಸ. ಸರ್ ಕಲಿಸಿದ ನಿಯಮ ಒಂದೇ: "ಅವರು ಹೇಳಿದ್ದನ್ನ ಬರಿ. ನೀನು ಅಂದುಕೊಂಡಿದ್ದನ್ನ ಬರೀಬೇಡ." ರೈನ್‌ಕೋಟಿನೊಳಗೆ ಫಾರಂಗಳನ್ನು ಕೂಸಿನ ಹಾಗೆ ಅವುಚಿಕೊಂಡು ಜೂನ್ ಪೂರ್ತಿ ತಿರುಗಿದೆ. ಒಂದು ಊರಿನಲ್ಲಿ ಕೆರೆಯ ಮಣ್ಣಿನ ಬಗ್ಗೆ ಒಂದು ಗಂಟೆ ಹೇಳಿದರು, ಇನ್ನೊಂದರಲ್ಲಿ ಗೋಮಾಳದ ಹುಲ್ಲಿನ ಜಾತಿಗಳನ್ನು ಬರೆದುಕೊಳ್ಳಲು ಫಾರಂ ಸಾಲದೆ ಹೋಯಿತು. ಹೀಗೆ ಉಬ್ಬಿ ಹೋಗಿದ್ದ ನಾನು ಜುಲೈನಲ್ಲಿ ಸಂಪಿಗೆಕಟ್ಟೆಗೆ ಹೋದೆ.

ಭದ್ರಾವತಿಗೆ ಇನ್ನೇನು ಎರಡು ಮೈಲಿ ಅನ್ನುವಾಗ ಬಸ್ಸಿಳಿದು ಒಳಗೆ ನಡೆದರೆ ಸಿಗುವ ಕೆರೆ ಅದು. ನೀರಿಗಿಂತ ಜೊಂಡೇ ಹೆಚ್ಚು, ಆಳೆತ್ತರ. ಪಹಣಿಯಲ್ಲಿ ಅದಕ್ಕಿದ್ದ ಹೆಸರು ಖರಾಬು, ಅಂದರೆ ಯಾವುದಕ್ಕೂ ಬಾರದ ಸರ್ಕಾರಿ ನೆಲ. ದಡದ ಆಚೆ ಮೂವತ್ತು ಮನೆಗಳು. ಅಜ್ಜಂದಿರ ಕಾಲದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ನೆಲೆಸಿದವರು. ಈಗ ಗಂಡಸರಿಗೆ ಕಾಂಟ್ರಾಕ್ಟ್ ಕೆಲಸ ವಾರಕ್ಕೆ ಎರಡು ದಿನ ಸಿಕ್ಕರೆ ಪುಣ್ಯ. ಮೊದಲನೆಯ ಮನೆಯ ಬಾಗಿಲಲ್ಲೇ ಪಾಪಮ್ಮ ಕೂತಿದ್ದಳು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಹಣೆಯ ತುಂಬ ವಿಭೂತಿ.

"ಈ ಕೆರೆಯಿಂದ ನಿಮಗೆ ಏನೇನು ಸಿಗುತ್ತೆ?"

"ಏನೂ ಇಲ್ಲಮ್ಮಾ."

"ಜೊಂಡು? ಹುಲ್ಲು? ಮೀನು?"

"ಅಯ್ಯೋ ಸಾಮಿ, ನಾವು ಆ ಕಡೆ ತಲೆ ಹಾಕಿ ಮಲಗೋದೂ ಇಲ್ಲ."

ಅವಳು ಕೂತಿದ್ದು ಜೊಂಡಿನ ಚಾಪೆಯ ಮೇಲೆ. ಹಿಂದುಗಡೆ, ಪ್ಲಾಸ್ಟಿಕ್ ಹೊದಿಸಿಟ್ಟ ಹೋದ ಸುಗ್ಗಿಯ ಜೊಂಡಿನ ಕಟ್ಟುಗಳು ಸೂರಿನವರೆಗೂ ಇದ್ದವು. ಒಳಗೆ ಮಗ್ಗದ ಹಾಗೆ ನಾಲ್ಕು ಗೂಟ ಹೊಡೆದು ಅರ್ಧ ನೇಯ್ದ ಚಾಪೆ ಬಿಗಿದಿತ್ತು. ನಾನು ಅದನ್ನೆಲ್ಲ ನೋಡಿದೆ, ನಾನು ನೋಡಿದ್ದನ್ನು ಅವಳೂ ನೋಡಿದಳು. "ಅದು ಸಂತೆಯಿಂದ ತಂದಿದ್ದು" ಅಂದಳು, ಕೇಳದೆಯೇ. ನಾನು "ಏನೂ ಇಲ್ಲ" ಎಂದು ಬರೆದೆ. ಅವಳು ತಮಿಳಿನಲ್ಲಿ ನಿಧಾನವಾಗಿ ಸಹಿ ಹಾಕಿದಳು. ಮಿಕ್ಕ ಮನೆಗಳಲ್ಲೂ ಅದೇ ಉತ್ತರ, ಬಾಯಿಪಾಠ ಮಾಡಿಸಿದ ಹಾಗೆ. ಸಂಜೆ ಬಸ್ಸಿನಲ್ಲಿ ಕೂತಾಗ ನನಗೆ ಬಂದದ್ದು ಸಿಟ್ಟು. ಇವರ ಒಳ್ಳೆಯದಕ್ಕೇ ಬಂದರೆ ನನ್ನನ್ನೇ ಮಂಗ ಮಾಡುತ್ತಾರಲ್ಲ ಅಂತ.

ಮತ್ತೆ ಹೋಗಬೇಕಾದ ಅಗತ್ಯ ಇರಲಿಲ್ಲ. ಪಕ್ಕದ ಊರಿನ ಫಾರಂ ಮುಗಿಸಿ ಬರುವಾಗ ಒಂದು ದಿನ ಎಂಥ ಮಳೆ ಹೊಡೆಯಿತೆಂದರೆ, ರಸ್ತೆಯ ಪಕ್ಕದ ಮರದ ಕೆಳಗೆ ನಿಂತಿದ್ದ ನನಗೂ ಮರಕ್ಕೂ ವ್ಯತ್ಯಾಸ ಉಳಿಯಲಿಲ್ಲ. ಸಂತೆಯಿಂದ ವಾಪಸಾಗುತ್ತಿದ್ದ ಪಾಪಮ್ಮ ನನ್ನನ್ನು ನೋಡಿ, "ಏನ್ಮಾ ಮ್ಯಾಪಮ್ಮಾ, ಫಾರಂ ಒಣಗಿದೆಯಲ್ಲ, ನೀನು ಯಾಕೆ ಹೀಗೆ ನೆಂದಿದ್ದೀ?" ಎಂದು ನಕ್ಕಳು. ಮನೆಗೆ ಕರೆದೊಯ್ದು ತಲೆ ಒರೆಸಿಕೊಳ್ಳಲು ತನ್ನ ಸೀರೆ ಕೊಟ್ಟಳು. ಬಿಸಿ ಕಾಪಿ ಕೊಟ್ಟಳು. ಅವತ್ತಿನಿಂದ ನನ್ನ ಹೆಸರು ಆ ಕೇರಿಯಲ್ಲಿ ಮ್ಯಾಪಮ್ಮ ಎಂದೇ ಆಯಿತು. ಕೆಲಸ ಇರಲಿ ಬಿಡಲಿ, ವಾರಕ್ಕೊಮ್ಮೆ ಅಲ್ಲಿ ಇಳಿಯುತ್ತಿದ್ದೆ. ಅವಳ ಕೈ ಜೊಂಡಿನ ಮೇಲೆ ಓಡುವುದನ್ನು ನೋಡುತ್ತ ಕೂರುವುದು ನನಗೆ ಇಷ್ಟವಾಗಿತ್ತು. ಎರಡು ಹೆಣ್ಣುಮಕ್ಕಳ ಓದು, ಗಂಡನ ಎದೆನೋವಿನ ಮಾತ್ರೆ, ಒಲೆಯ ಮೇಲಿನ ಅನ್ನ, ಎಲ್ಲವೂ ಆ ಚಾಪೆಗಳಿಂದಲೇ ಬರುತ್ತಿದ್ದವು. ಬಾಣಂತಿಗೆ ಜೊಂಡಿನ ಚಾಪೆಯೇ ಆಗಬೇಕು ಎನ್ನುವವರು ಆಗಿನ್ನೂ ಭದ್ರಾವತಿ ಸಂತೆಯಲ್ಲೂ ಶಿವಮೊಗ್ಗದ ಗಾಂಧಿ ಬಜಾರಿನಲ್ಲೂ ಇದ್ದರು.

ದೀಪಾವಳಿಯಾದ ಮೇಲೆ ಒಂದು ಬೆಳಗ್ಗೆ ಅವಳೇ, "ಇವತ್ತು ಬಾ ಕಣ್ಣು, ನಮ್ಮ ಮ್ಯಾಪು ತೋರಿಸ್ತೀನಿ" ಅಂದಳು. ಮುದ್ದು ಬಂದರೆ ತಮಿಳಿನ ರೀತಿಯಲ್ಲಿ ನನ್ನನ್ನು ಕಣ್ಣು ಅನ್ನುತ್ತಿದ್ದಳು.

ಕಟ್ಟೆಯ ಏರಿಯ ಮೇಲೆ ಮೂವತ್ತು ಮನೆಯ ಹೆಂಗಸರೂ ಸೇರಿದ್ದರು. ಜೊಂಡು ಕೊಯ್ಯಲು ಶುರುಮಾಡುವ ದಿನ. ಹಿರಿಯ ಅಜ್ಜಿಯೊಬ್ಬಳು ಸಾರಿಸಿದ ನೆಲದ ಮೇಲೆ ಒಲೆಯ ಬೂದಿಯಿಂದ ಕೆರೆಯನ್ನು ಬರೆದಳು. ನನ್ನ ಬಳಿಯಿದ್ದ ಸರ್ವೆ ನಕಾಶೆಯಲ್ಲಿ ಕೆರೆ ಒಂದು ಕೋಳಿಮೊಟ್ಟೆಯ ಹಾಗಿತ್ತು, ಅಷ್ಟೇ. ಇಲ್ಲಿ ನೋಡಿದರೆ ಯಾವ ಬದಿಯಲ್ಲಿ ಎಷ್ಟು ಆಳ, ಎಲ್ಲಿ ಹೂಳು, ಎಲ್ಲಿ ಒರತೆ, ಎಲ್ಲಿ ನೀರುಕೋಳಿ ಗೂಡು ಕಟ್ಟಿದೆ, ಎಲ್ಲ ಇತ್ತು. ಗೂಡಿರುವ ಕಡೆ ಬೂದಿಯನ್ನು ದಪ್ಪವಾಗಿ ಎಳೆದಳು, ಅಂದರೆ ಮರಿ ಹಾರುವವರೆಗೆ ಅಲ್ಲಿ ಕೊಯ್ಯುವಂತಿಲ್ಲ. ಹೋದ ವರ್ಷ ಕೊಯ್ದ ಪಟ್ಟಿಗೆ ಈ ವರ್ಷ ರಜೆ. ಉಳಿದದ್ದನ್ನು ಮೂವತ್ತು ಪಾಲು ಮಾಡಿ, ಪ್ರತಿ ಮನೆಯ ಒಂದೊಂದು ಕಲ್ಲನ್ನು ಮಡಿಲಲ್ಲಿ ಕಲಸಿ, ಚೀಟಿ ಎತ್ತಿದ ಹಾಗೆ ಒಂದೊಂದು ಪಾಲಿಗೆ ಹಾಕಿದರು. ಗಂಡ ತೀರಿಹೋದವಳಿಗೆ ಮಾತ್ರ ದಡದ ಹತ್ತಿರದ ಪಾಲು, ಅಲ್ಲಿ ಕಲ್ಲು ಹಾಕುವ ಪ್ರಶ್ನೆಯಿಲ್ಲ. ಎಲ್ಲ ನೋಡಿ ಮುಗಿದ ಮೇಲೆ ಅಜ್ಜಿ ಪೊರಕೆ ತೆಗೆದುಕೊಂಡು ಬೂದಿಯನ್ನೆಲ್ಲ ಗುಡಿಸಿಬಿಟ್ಟಳು.

"ಅಯ್ಯೋ, ಯಾಕೆ?" ನಾನು ಬಹುತೇಕ ಕಿರುಚಿದೆ. ಅಂಥ ನಕಾಶೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

"ಬೇರೆಯವರು ನೋಡಬಾರದಲ್ಲಮ್ಮಾ." ಪಾಪಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. "ಎರಡು ವರ್ಷದ ಕೆಳಗೆ ಒಬ್ಬ ನಿನ್ನ ಥರಾನೇ ಪುಸ್ತಕ ಹಿಡ್ಕೊಂಡು ಬಂದ. ಯಾರ್ಯಾರು ಕೊಯ್ತೀರಾ, ಎಷ್ಟು ಕಟ್ಟು ಕೊಯ್ತೀರಾ ಅಂತ ಕೇಳ್ದ. ನಾವು ಬೆಪ್ಪುಗಳು, ಎಲ್ಲಾ ಹೇಳಿದ್ವಿ, ಹೆಸರೂ ಹೇಳಿದ್ವಿ. ಮುಂದಿನ ವಾರ ಮೂರು ಜನ ಬಂದು ಸರ್ಕಾರಿ ಕೆರೆ, ಕಳ್ಳತನ ಅಂತ ಕುಡುಗೋಲೆಲ್ಲ ಕಿತ್ಕೊಂಡು ಹೋದ್ರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ನಿನಗೆ ತೋರಿಸಿದ್ದು ನಮ್ಮ ಮನೆ ಹುಡುಗಿ ಅಂತ. ಬರೀಬಾರದು. ನನ್ನ ತಲೆ ಮೇಲೆ ಕೈ ಇಡು."

ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಎಣ್ಣೆ ಹಚ್ಚಿದ ಕೂದಲು, ಬಿಸಿಲಿಗೆ ಬೆಚ್ಚಗಿತ್ತು. ಆ ಕ್ಷಣಕ್ಕೆ ನನಗೆ ಹೆಮ್ಮೆಯಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ನನ್ನನ್ನು ನಂಬಿದರಲ್ಲ ಎನ್ನುವ ಖುಷಿಯಲ್ಲಿ ಮುಂದಿನದೇನೂ ತಲೆಗೆ ಬರಲಿಲ್ಲ. ಸೀರೆ ಎತ್ತಿ ಕಟ್ಟಿ ಅವಳ ಜೊತೆ ಸೊಂಟದ ನೀರಿಗೆ ಇಳಿದೆ. ಬೇರಿನಿಂದ ಒಂದು ಗೇಣು ಬಿಟ್ಟು ಓರೆಯಾಗಿ ಕೊಯ್ಯಬೇಕು, ಆಗಲೇ ಮತ್ತೆ ಚಿಗುರುವುದು. ನಾನು ಕೊಯ್ದ ನಾಲ್ಕು ದಂಟು ನೋಡಿ ಹೆಂಗಸರೆಲ್ಲ ಬಿದ್ದೂ ಬಿದ್ದೂ ನಕ್ಕರು. "ಮ್ಯಾಪಮ್ಮಾ, ನೀನು ಬಣ್ಣಾನೇ ಹಚ್ಚು" ಅಂದರು.

ಬಣ್ಣ ಹಚ್ಚುವ ದಿನ ಡಿಸೆಂಬರಿನಲ್ಲಿ ಬಂತು. ಫಾರಂಗಳನ್ನು ಕೂಡಿಸಿ ನೋಡಿದರೆ ಸಂಪಿಗೆಕಟ್ಟೆಯ ಎದುರು ಸೊನ್ನೆ. ನಾನು ಎರಡು ದಿನ ಅದನ್ನು ಮುಟ್ಟದೆ ಬೇರೆ ಕೆರೆಗಳಿಗೆ ಹಸಿರು ತುಂಬುತ್ತ ಕಾಲ ಕಳೆದೆ. ಮೂರನೆಯ ದಿನ ಸರ್ ಬಳಿ ಹೋದೆ.

"ಸರ್, ಸಂಪಿಗೆಕಟ್ಟೆಯಲ್ಲಿ ಏನೂ ಇಲ್ಲ ಅನ್ನೋದು ಸರಿ ಅಲ್ಲ ಅನ್ಸುತ್ತೆ."

"ಫಾರಂ ಏನು ಹೇಳುತ್ತೆ?"

"ಏನೂ ಇಲ್ಲ ಅನ್ನುತ್ತೆ."

"ಮತ್ತೆ? ನೀನು ಏನಾದ್ರೂ ನೋಡಿದ್ಯಾ?"

ಪಾಪಮ್ಮನ ತಲೆ ನನ್ನ ಅಂಗೈಯಲ್ಲೇ ಇದ್ದ ಹಾಗಿತ್ತು. ಮೇಜಿನ ಮೇಲಿನ ಫಾರಂಗಳನ್ನು ಜೋಡಿಸತೊಡಗಿದೆ. ಸರ್ ಕಿವಿಯ ಮೇಲಿನ ಪೆನ್ಸಿಲನ್ನು ಮೇಜಿನ ಮೇಲೆಲ್ಲ ಹುಡುಕಿದರು. ಅವರು ಕೆಟ್ಟವರಲ್ಲ. "ನೋಡಮ್ಮ ಶೈಲಜಾ, ಇವತ್ತು ನೀನು ನಿನಗೆ ಅನ್ಸಿದ್ದಕ್ಕೆ ಬಣ್ಣ ಹಾಕಿದ್ರೆ, ನಾಳೆ ಇನ್ನೊಬ್ಬ ತನಗೆ ಅನ್ಸಿದ್ದಕ್ಕೆ ಹಸಿರು ಅಳಿಸ್ತಾನೆ. ಮತ್ತೆ ಹೋಗು, ಇನ್ನೊಂದು ಸಲ ಕೇಳು. ಅವರು ಒಂದು ಮಾತು ಹೇಳಲಿ, ನಾನೇ ಕೂತು ಬಣ್ಣ ತುಂಬ್ತೀನಿ" ಅಂದರು.

ಮಾರನೆಯ ದಿನವೇ ಹೋದೆ. ಪಾಪಮ್ಮನಿಗೆ ನಕಾಶೆಯ ವಿಷಯ ಬಿಡಿಸಿ ಹೇಳಿದೆ. ಬಿಳಿ ಬಿಟ್ಟರೆ ಮನೆ ಕಟ್ಟಬಹುದು ಎಂದಾಗುತ್ತದೆ, ಹೇಳಿದರೆ ಮಾತ್ರ ಉಳಿಯುತ್ತದೆ ಎಂದೆ. ಅವಳು ಗೂಟದ ಮುಂದೆ ಕೂತು ಕೇಳಿದಳು, ಕೈ ನಿಲ್ಲಲಿಲ್ಲ.

"ಹೇಳಿದ್ದಕ್ಕೇ ತಾನೇ ಕುಡುಗೋಲು ಹೋಗಿದ್ದು? ಕೆರೆಯಲ್ಲಿ ಯಾರಮ್ಮಾ ಮನೆ ಕಟ್ತಾರೆ? ನೀನು ಬರೆದ್ರೆ ನಾವು ಕೆಟ್ವಿ. ತಲೆ ಮೇಲೆ ಕೈ ಇಟ್ಟಿದ್ದೀ."

ಅತ್ತುಬಿಟ್ಟೆ. ಬೇಡಿಕೊಂಡೆ. ಅವಳು ನನ್ನ ಗಲ್ಲ ಸವರಿ, ಒಳಗಿನಿಂದ ಒಂದು ಪುಟ್ಟ ಚಾಪೆ ತಂದಳು. ಮಳೆಗಾಲದಲ್ಲಿ ನಕಾಶೆಗಳಿಗೆ ತೇವ ಹಿಡಿಯುತ್ತದೆ ಎಂದು ಯಾವಾಗಲೋ ಗೊಣಗಿದ್ದೆನಂತೆ. ನನ್ನ ಕಾಗದದ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಂಡು, ಅಂಚಿಗೆ ಕೆಂಪು ದಾರ ಸೇರಿಸಿ ನೇಯ್ದಿದ್ದಳು. "ಇದರಲ್ಲಿ ಸುತ್ತಿಡು. ಒಂದು ಹನಿ ಒಳಗೆ ಹೋಗಲ್ಲ" ಅಂದಳು.

ಸಂಪಿಗೆಕಟ್ಟೆಯನ್ನು ಬಿಳಿ ಬಿಟ್ಟೆ. ಬಿಡುವುದಕ್ಕೆ ಏನೂ ಮಾಡಬೇಕಾಗಿರಲಿಲ್ಲ, ಕುಂಚವನ್ನು ಆ ಜಾಗದ ಮೇಲಿಂದ ಎತ್ತಿ ಆಚೆ ಇಟ್ಟರಾಯಿತು. ಮೇಲೆ ನಾನು ಕುಂಚ ತೊಳೆಯುತ್ತಿದ್ದರೆ ಕೆಳಗಡೆ ಯಾರದೋ ಹಲ್ಲು ಕೊರೆಯುತ್ತಿದ್ದರು. ನಕಾಶೆ ಒಣಗಿದ ಮೇಲೆ ಅವಳು ಕೊಟ್ಟ ಚಾಪೆಯಲ್ಲೇ ಸುತ್ತಿ, ಸರ್ ಕೈಗೆ ಕೊಟ್ಟೆ.

ಮುಂದಿನ ಮಳೆಗಾಲ ಬರುವುದರೊಳಗೆ ಕರಡು ಯೋಜನೆ ನಗರ ಯೋಜನೆ ಕಚೇರಿಯ ಗೋಡೆಯ ಮೇಲೆ ಬಂತು. ಬಿಳಿಯ ಜಾಗಗಳಿಗೆಲ್ಲ ಹಳದಿ, ಅಂದರೆ ವಸತಿ. ಸಂಪಿಗೆಕಟ್ಟೆಯ ದಡದಲ್ಲಿ ಬಣ್ಣ ಬಳಿದ ಕಲ್ಲು ನೆಟ್ಟ ಮೇಲೇ ಕೇರಿಯವರಿಗೆ ವಿಷಯ ಗೊತ್ತಾದದ್ದು. ಆಕ್ಷೇಪಣೆ ಕೇಳುವ ದಿನ ಪಾಪಮ್ಮ ಆರು ಹೆಂಗಸರನ್ನು ಕಟ್ಟಿಕೊಂಡು ಶಿವಮೊಗ್ಗಕ್ಕೆ ಬಂದಳು. ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಚಾಪೆಯ ಸುರುಳಿ. ನನ್ನನ್ನೂ ಸರ್ ಅವರನ್ನೂ ವಿವರಣೆ ಕೊಡಲು ಕರೆಸಿದ್ದರು. ಅಧಿಕಾರಿ ಮೃದು ಮಾತಿನ ಮನುಷ್ಯ, ಮೊದಲು ಎಲ್ಲರಿಗೂ ನೀರು ಕೊಡಿಸಿದರು. ಹೆಂಗಸರು ಚಾಪೆಗಳನ್ನು ನೆಲದ ಮೇಲೆ ಹಾಸಿ, ನಮ್ಮ ಅನ್ನ ಇದೇ ಸಾಮಿ ಎಂದರು.

ಅಧಿಕಾರಿ ಫೈಲಿನಿಂದ ಒಂದು ಹಾಳೆ ತೆಗೆದು ಓದಿದರು. "ಕೆರೆಯಿಂದ ಏನೂ ಪಡೆಯುವುದಿಲ್ಲ. ಇದು ನಿಮ್ಮದೇ ಸಹಿ ತಾನೇ?"

ತಮಿಳಿನ ಆ ನಿಧಾನದ ಸಹಿ. ಪಾಪಮ್ಮ ಬಾಗಿ ಅದರ ಮೇಲೆ ಬೆರಳಿಟ್ಟು ನೋಡಿದಳು. ಮೇಜಿನ ಮೇಲೆ ನಕಾಶೆ ಬಿಚ್ಚಿತ್ತು. ಪಕ್ಕದಲ್ಲಿ ಅದನ್ನು ಸುತ್ತಿ ತಂದ ಕೆಂಪಂಚಿನ ಚಾಪೆ.

"ಸರ್, ಈ ಚಾಪೆ ಆ ಕೆರೆಯದೇ" ಅಂದೆ ನಾನು. "ಅವರು ಕೊಯ್ಯೋದನ್ನ ನಾನೇ ನೋಡಿದ್ದೀನಿ."

ವಿಶ್ವನಾಥ ಸರ್ ನನ್ನ ಕಡೆ ತಿರುಗಿದ ರೀತಿ ಇವತ್ತಿಗೂ ಕಣ್ಣ ಮುಂದಿದೆ.

ಅಧಿಕಾರಿ ಕನ್ನಡಕ ತೆಗೆದರು. "ಹಾಗಾದ್ರೆ ನೀವು ಬರೆದಿದ್ದು ಸುಳ್ಳಾ? ಇದೊಂದೇ ಸುಳ್ಳಾ, ಮಿಕ್ಕ ಹಸಿರೂ ಹೀಗೇನಾ? ಇಲ್ಲೇ ಕೂತಿದ್ದಾರೆ ನೋಡಿ, ಆ ಹಸಿರು ಬೇಡ ಅನ್ನೋ ಅರ್ಜಿಯವರು."

ಹಿಂದಿನ ಬೆಂಚಿನಲ್ಲಿ ಇಸ್ತ್ರಿ ಷರಟಿನವರು ನಿಜವಾಗಿಯೂ ಕೂತಿದ್ದರು, ಕೈಯಲ್ಲಿ ಕಾಗದ. ಹೌದು ಸುಳ್ಳು ಎಂದರೆ ಬೇರೆ ಎಷ್ಟು ಕೆರೆಗಳು ಹೋಗುತ್ತವೆ, ಅಲ್ಲ ಎಂದರೆ ಈ ಕೆರೆ ಹೋಗುತ್ತದೆ. ನನಗೆ ಎರಡೂ ಹೇಳಲಾಗಲಿಲ್ಲ. ಆಗ ಪಾಪಮ್ಮ ಮುಂದೆ ಬಂದಳು.

"ಆ ಹುಡುಗೀನ ಏನೂ ಅನ್ನಬೇಡಿ ಸಾಮಿ. ಅವಳು ಸರಿಯಾಗೇ ಬರೆದಿದ್ದಾಳೆ. ಸುಳ್ಳು ಹೇಳಿದ್ದು ನಾವು."

ಅಧಿಕಾರಿ ಅದನ್ನು ಬರೆದುಕೊಂಡರು. ಇನ್ನೊಂದು ಸರ್ವೆ ಆಗದೆ ನಕಾಶೆ ಬದಲಾಯಿಸುವ ಅಧಿಕಾರ ತಮಗಿಲ್ಲ ಎಂದರು. ಆ ಸರ್ವೆಗೆ ಆದೇಶ ಕೊಡುವವರು ಯಾರು ಎಂದು ಕೇಳಿದೆ. ಅದು ತಮಗೂ ಸರಿಯಾಗಿ ಗೊತ್ತಿಲ್ಲ ಎಂದು ಪ್ರಾಮಾಣಿಕವಾಗಿಯೇ ಒಪ್ಪಿಕೊಂಡರು. ಹೊರಗೆ ವರಾಂಡದಲ್ಲಿ ಸರ್ ನನ್ನನ್ನು ಬೈಯಲಿಲ್ಲ. "ಡಿಸೆಂಬರಿನಲ್ಲಿ ಇಷ್ಟು ಹೇಳಿದ್ದರೆ ಸಾಕಾಗಿತ್ತಲ್ಲಮ್ಮ" ಅಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ನಾವು ತಂದಿದ್ದ ನಕಾಶೆಯನ್ನು ಮತ್ತೆ ಚಾಪೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು.

ಆಮೇಲೆ ಲಾರಿಗಟ್ಟಲೆ ಮಣ್ಣು ಬಂದು ಬಿತ್ತು. ಹಸಿರು ಹಚ್ಚಿದ ಕೆರೆಗಳಲ್ಲಿ ಕೆಲವು ಇವತ್ತಿಗೂ ಇವೆ. ನಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ಬಸ್ಸು ಸಂಪಿಗೆಕಟ್ಟೆ ಬಡಾವಣೆಯ ಮುಂದೆ ಹಾದುಹೋಗುವಾಗ ಹಾಜರಿ ಪುಸ್ತಕ ತೆಗೆದು ತಲೆ ತಗ್ಗಿಸುತ್ತೇನೆ. ಪಾಪಮ್ಮನ ಕೇರಿ ಮೂರು ವರ್ಷದಲ್ಲಿ ಚದುರಿತು. ಅವಳು ಮಕ್ಕಳನ್ನು ಕರೆದುಕೊಂಡು ತಮಿಳುನಾಡಿನ ಕಡೆ ಹೋದಳೆಂದು ಒಬ್ಬರು, ಇಲ್ಲೇ ಎಲ್ಲೋ ಮನೆಗೆಲಸಕ್ಕಿದ್ದಾಳೆಂದು ಇನ್ನೊಬ್ಬರು ಹೇಳಿದರು. ನಾನು ಹುಡುಕಲಿಲ್ಲ. ಸಿಕ್ಕರೆ ಏನು ಹೇಳಲಿ ಎನ್ನುವ ಹೆದರಿಕೆ.

ಅವಳನ್ನು ಕೊನೆಯ ಸಲ ನೋಡಿದ್ದು ಆಕ್ಷೇಪಣೆಯ ಆ ದಿನ, ಬಸ್ ಸ್ಟ್ಯಾಂಡಿನಲ್ಲಿ. ಭದ್ರಾವತಿಯ ಬಸ್ಸಿಗೆ ಹೆಂಗಸರು ಚಾಪೆಗಳನ್ನು ಏರಿಸುತ್ತಿದ್ದರು. ಸಣ್ಣ ಮಳೆ. ನಾನು ಕ್ಷಮಿಸು ಎನ್ನಲು ಹೋದೆ. ಅವಳು ಅದಕ್ಕೆ ಅವಕಾಶವೇ ಕೊಡಲಿಲ್ಲ. ಕಿಟಕಿಯ ಪಕ್ಕ ಕೂತು, ಸರಳುಗಳ ನಡುವಿನಿಂದ ನನ್ನ ಕೈ ಹಿಡಿದುಕೊಂಡಳು. ನನಗೆ ಧೈರ್ಯ ಹೇಳುವಂತೆ ನಕ್ಕಳು.

"ನಮಗೆ ಈಗ ಬುದ್ಧಿ ಬಂತು ಕಣ್ಣು. ಮುಂದಿನ ಸಲ ಕೇಳೋಕೆ ಬಂದ್ರೆ ಎಲ್ಲಾ ಸರಿಯಾಗಿ ಹೇಳ್ತೀವಿ. ಬೂದೀಲಿ ಬರೆದೂ ತೋರಿಸ್ತೀವಿ. ಯಾವಾಗ ಬರ್ತಾರೆ?"

ಕಂಡಕ್ಟರ್ ಸೀಟಿ ಊದಿದ. ಅವಳ ಕೈ ಇನ್ನೂ ನನ್ನ ಕೈಯಲ್ಲಿತ್ತು, ಜೊಂಡು ಕೊಯ್ದು ಕೊಯ್ದು ಒಡೆದ ಕೈ.

"ಬರ್ತಾರೆ ಪಾಪಮ್ಮಾ" ಅಂದೆ. "ಮಳೆ ನಿಲ್ಲಲಿ, ಬರ್ತಾರೆ."